ಕೀ ಜೋರಾಗಿ ಒತ್ತಿದರೆ ದನಿ ಜೋರಾದರಷ್ಟೇ ಸಾಕಾ? ಸಿಂಥ್‌ನಲ್ಲಿ ವೆಲಾಸಿಟಿ ಮತ್ತು ಎನ್ವಲಪ್

ದೇವಸ್ಥಾನದ ಗಂಟೆಯನ್ನು ಒಮ್ಮೆ ಮೆಲ್ಲಗೆ ಬಾರಿಸಿ ನೋಡಿ. ನಾಲಿಗೆ ಬರೀ ತಾಗಬೇಕು, ಅಷ್ಟೇ. ‘ಊಂ’ ಅನ್ನುವ ದುಂಡನೆಯ ದನಿ ಏಳುತ್ತದೆ. ಈಗ ಹಗ್ಗ ಹಿಡಿದು ಜೋರಾಗಿ ಹೊಡೆಯಿರಿ. ಮೊದಲು ‘ಠಣ್’ ಅಂತ ಕಿವಿಗೆ ಚುಚ್ಚುವ ಸದ್ದು. ಆ ಚುಚ್ಚು ಬೇಗ ಕರಗಿ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಉಳಿಯುವುದು ಮತ್ತೆ ಅದೇ ‘ಊಂ’.

ಈ ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೆಲ್ಲಗೆ ಹೊಡೆದದ್ದರ ವಾಲ್ಯೂಮ್ ಏರಿಸಿ, ಜೋರಾಗಿ ಹೊಡೆದದ್ದಕ್ಕೆ ಸಮ ಮಾಡಿ. ಆದರೂ ಯಾವುದು ಮೆಲ್ಲಗೆ, ಯಾವುದು ಜೋರು ಅಂತ ಮಗುವಿಗೂ ಗೊತ್ತಾಗುತ್ತದೆ. ಅಂದರೆ ಏಟಿನ ಬಲ ಬದಲಿಸುವುದು ವಾಲ್ಯೂಮ್ ಒಂದನ್ನೇ ಅಲ್ಲ. ದನಿಯ ಹೊಳಪು ಬದಲಾಗುತ್ತದೆ. ಆ ಹೊಳಪು ಎಷ್ಟು ಹೊತ್ತು ಇರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದೂ ಬದಲಾಗುತ್ತದೆ.

ಸಿಂಥಸೈಜರ್ (ಸಿಂಥ್) ಅಂದರೆ ದನಿಯನ್ನು ವಿದ್ಯುತ್ತಿನಿಂದ ಹುಟ್ಟಿಸುವ ವಾದ್ಯ. ಅದರಲ್ಲಿ ಹೊಸದಾಗಿ ಪ್ಯಾಚ್, ಅಂದರೆ ನಾಬ್‌ಗಳನ್ನು ಹೊಂದಿಸಿ ಕಟ್ಟಿದ ಒಂದು ದನಿ, ಮಾಡುವವರು ಇಲ್ಲೇ ಎಡವುವುದನ್ನು ನಾನು ಜಾಸ್ತಿ ನೋಡಿದ್ದೇನೆ. ವೆಲಾಸಿಟಿಯನ್ನು, ಅಂದರೆ ಕೀ ಇಳಿಯುವ ವೇಗವನ್ನು, ವಾಲ್ಯೂಮಿಗೆ ಜೋಡಿಸುತ್ತಾರೆ. ಮೆಲ್ಲಗೆ ಒತ್ತಿದರೆ ಸಣ್ಣ ಸದ್ದು, ಜೋರಾಗಿ ಒತ್ತಿದರೆ ದೊಡ್ಡ ಸದ್ದು. ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನುಡಿಸಿದರೆ ಮಾತ್ರ ದನಿಗೆ ಜೀವವೇ ಇಲ್ಲ. ಯಾರೋ ಪಕ್ಕದಲ್ಲಿ ಕೂತು ಒಂದೇ ರೆಕಾರ್ಡಿಂಗ್‌ನ ವಾಲ್ಯೂಮ್ ತಿರುಗಿಸುತ್ತಿರುವ ಹಾಗೆ ಕೇಳುತ್ತದೆ. ಆ ಜೀವ ಎಲ್ಲಿಂದ ಬರುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೀಗೆ ಗೊತ್ತಿರುವುದು ಒಂದೇ ಅಂಕಿ

ಹಾರ್ಮೋನಿಯಂ ನುಡಿಸಿದವರಿಗೆ ಗೊತ್ತು, ಅದರ ಮನೆಯನ್ನು, ಅಂದರೆ ಕೀಯನ್ನು, ಎಷ್ಟೇ ಜೋರಾಗಿ ಒತ್ತಿದರೂ ದನಿ ಬದಲಾಗುವುದಿಲ್ಲ. ಅಲ್ಲಿ ಭಾವ ಇರುವುದು ತಿದಿ ಒತ್ತುವ ಕೈಯಲ್ಲಿ. ಪಿಯಾನೋದಲ್ಲಿ ಹಾಗಲ್ಲ. ಬೆರಳಿನ ವೇಗ ಸುತ್ತಿಗೆಗೆ ಹೋಗುತ್ತದೆ, ಸುತ್ತಿಗೆ ತಂತಿಗೆ ಬಡಿಯುತ್ತದೆ. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಸುತ್ತಿಗೆಯೂ ಇಲ್ಲ, ತಂತಿಯೂ ಇಲ್ಲ. ಹಾಗಾದರೆ ಬೆರಳಿನ ಜೋರು ಅದಕ್ಕೆ ಹೇಗೆ ತಿಳಿಯುತ್ತದೆ?

ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಕೀ ಇಳಿಯುವಾಗ ಮೊದಲು ಒಂದು ಮುಟ್ಟುತ್ತದೆ, ಆಮೇಲೆ ಇನ್ನೊಂದು. ಆ ಎರಡರ ನಡುವೆ ಎಷ್ಟು ಹೊತ್ತು ಆಯಿತು ಅಂತ ಒಳಗಿನ ಚಿಪ್ ಅಳೆಯುತ್ತದೆ. ಕಡಿಮೆ ಹೊತ್ತು ಅಂದರೆ ಕೀ ವೇಗವಾಗಿ ಇಳಿದಿದೆ. ಅದಕ್ಕೇ ಇದರ ಹೆಸರು ವೆಲಾಸಿಟಿ, ಅಂದರೆ ವೇಗ. ಬಲವನ್ನು ಅದು ಅಳೆಯುವುದೇ ಇಲ್ಲ. ಕೀಯನ್ನು ನಿಧಾನಕ್ಕೆ ಇಳಿಸಿ, ತಳ ಮುಟ್ಟಿದ ಮೇಲೆ ಎಷ್ಟೇ ಅದುಮಿದರೂ ವೆಲಾಸಿಟಿ ಏರುವುದಿಲ್ಲ. ಆ ಅದುಮುವಿಕೆಗೆ ಆಫ್ಟರ್‌ಟಚ್ ಅನ್ನುವ ಬೇರೆಯೇ ಸೆನ್ಸರ್ ಬೇಕು.

ಈ ವೇಗವನ್ನು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆಯಲ್ಲಿ, 1ರಿಂದ 127ರವರೆಗಿನ ಒಂದು ಅಂಕಿಯಾಗಿ ಕಳಿಸುತ್ತಾರೆ. ಸೊನ್ನೆ ಬಂದರೆ ನೋಟ್ ಬಿಟ್ಟ ಹಾಗೆ ಲೆಕ್ಕ. 2020ರಲ್ಲಿ ಬಂದ ಮಿಡಿ 2.0ನಲ್ಲಿ 65,536 ಹಂತಗಳಿವೆ. ಆದರೆ ನಮ್ಮ ಮನೆಗಳಲ್ಲಿರುವ ಹೆಚ್ಚಿನ ಕೀಬೋರ್ಡುಗಳು ಇನ್ನೂ ಆ ಹಳೆಯ 127ರಲ್ಲೇ ಮಾತಾಡುತ್ತವೆ. ಚೆನ್ನಾಗಿ ಬಳಸಿದರೆ ಅದು ಧಾರಾಳ ಸಾಕು.

ಗಮನಿಸಬೇಕಾದ ವಿಷಯ ಬೇರೆ. ಇದು ಒಂದೇ ಒಂದು ಅಂಕಿ. ನೋಟ್ ಶುರುವಾಗುವ ಕ್ಷಣದಲ್ಲಿ ಒಮ್ಮೆ ಬರುತ್ತದೆ, ಅಷ್ಟೇ. ಆಮೇಲೆ ಎರಡು ಸೆಕೆಂಡ್ ದನಿ ಇದ್ದರೂ ವೆಲಾಸಿಟಿ ಮತ್ತೆ ಬಾಯಿ ಬಿಡುವುದಿಲ್ಲ. ಆದರೆ ಗಂಟೆಯ ದನಿ ಹೊತ್ತು ಕಳೆದಂತೆ ಬದಲಾಗುತ್ತಾ ಹೋಗುತ್ತದೆ ಅಲ್ವಾ? ಒಂದು ಕ್ಷಣದ ಅಂಕಿಯನ್ನು ಎರಡು ಸೆಕೆಂಡಿನ ಬದಲಾವಣೆಯಾಗಿ ಹರಡುವವರು ಯಾರೋ ಬೇಕು. ಸಿಂಥ್‌ನಲ್ಲಿ ಆ ಕೆಲಸ ಎನ್ವಲಪ್‌ನದು.

ಎನ್ವಲಪ್ ಅಂದರೆ ಏರಿಳಿತದ ಗೆರೆ

ಇಲ್ಲಿ ಎನ್ವಲಪ್ ಅಂದರೆ ಅಂಚೆ ಲಕೋಟೆ ಅಲ್ಲ. ಕೀ ಒತ್ತಿದ ಕ್ಷಣದಿಂದ ಶುರುವಾಗುವ ಏರಿಳಿತದ ಒಂದು ಗೆರೆ. ಅದಕ್ಕೆ ನಾಲ್ಕು ಭಾಗ. ಅಟ್ಯಾಕ್ ಅಂದರೆ ತುದಿಗೆ ಏರಲು ಹಿಡಿಯುವ ಹೊತ್ತು. ಡಿಕೇ ಅಂದರೆ ತುದಿಯಿಂದ ಇಳಿಯಲು ಹಿಡಿಯುವ ಹೊತ್ತು. ಸಸ್ಟೇನ್ ಅಂದರೆ ಇಳಿದು ನಿಲ್ಲುವ ಮಟ್ಟ. ಇದೊಂದು ಮಾತ್ರ ಹೊತ್ತಲ್ಲ, ಎತ್ತರ. ರಿಲೀಸ್ ಅಂದರೆ ಬೆರಳು ತೆಗೆದ ಮೇಲೆ ದನಿ ಆರಲು ಹಿಡಿಯುವ ಹೊತ್ತು.

ಈ ಗೆರೆಗೆ ಸ್ವಂತ ದನಿ ಇಲ್ಲ. ಅದನ್ನು ವಾಲ್ಯೂಮಿಗೆ ಕಟ್ಟಿದರೆ ವಾಲ್ಯೂಮ್ ಹಾಗೆ ಏರಿಳಿಯುತ್ತದೆ. ದನಿಯ ಒಂದು ಭಾಗವನ್ನು ಸೋಸಿ ತೆಗೆಯುವ ಫಿಲ್ಟರಿಗೆ ಕಟ್ಟಿದರೆ ಹೊಳಪು ಹಾಗೆ ಏರಿಳಿಯುತ್ತದೆ. 1970ರ ಮಿನಿಮೂಗ್ ಅನ್ನುವ ಸಿಂಥ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಎನ್ವಲಪ್ ಇದ್ದವು. ಆದರೆ ಬೆರಳಿನ ವೇಗ ಅದಕ್ಕೆ ತಿಳಿಯುತ್ತಿರಲಿಲ್ಲ. ಪ್ರತಿ ಸಲ ಒತ್ತಿದಾಗಲೂ ಅದೇ ಗೆರೆ, ಅದೇ ಎತ್ತರ. ನುಡಿಸುವವರು ಎಡಗೈಯನ್ನು ನಾಬ್ ಮೇಲೆ, ವೀಲ್ ಮೇಲೆ ಇಟ್ಟು ಭಾವ ತುಂಬಬೇಕಿತ್ತು. 1977ರ ಯಮಾಹಾ ಸಿಎಸ್-80ಗೆ ಬೆರಳಿನ ವೇಗವೂ ತಿಳಿಯುತ್ತಿತ್ತು, ಒಂದೊಂದು ಕೀಯ ಅದುಮುವಿಕೆಯೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಆದರೆ ಅದು ಬಹಳ ಭಾರದ, ಬಹಳ ದುಬಾರಿ ವಾದ್ಯ. ಬೆರಳಿನ ವೇಗ ಸಾವಿರಾರು ಜನರ ಕೈಗೆ ಬಂದದ್ದು 1983ರ ಯಮಾಹಾ ಡಿಎಕ್ಸ್7 ಅನ್ನುವ ಸಿಂಥ್ ಜೊತೆ. ಅದರ ಕತೆಗೆ ಆಮೇಲೆ ಬರುತ್ತೇನೆ.

ವಾಲ್ಯೂಮಿನ ಲೆಕ್ಕ, ಚಿಕ್ಕದಾಗಿ

ವೆಲಾಸಿಟಿ 127ರ ಅರ್ಧ 64 ಅಂತ ಇಟ್ಟುಕೊಳ್ಳಿ. ಅರ್ಧ ವೇಗಕ್ಕೆ ಸಿಗ್ನಲ್‌ನ ಎತ್ತರವನ್ನೂ ಅರ್ಧ ಮಾಡಿದರೆ ಇಳಿಯುವುದು 6 ಡೆಸಿಬೆಲ್. ಕಿವಿಗೆ ಅದು ಅರ್ಧದಷ್ಟು ಕಡಿಮೆ ಅನ್ನಿಸುವುದೇ ಇಲ್ಲ. ಸದ್ದು ಅರ್ಧಕ್ಕಿಳಿದ ಹಾಗೆ ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಅದಕ್ಕೇ ಅನೇಕ ವಾದ್ಯಗಳು ವೆಲಾಸಿಟಿಯ ವರ್ಗವನ್ನು, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದನ್ನು, ಬಳಸುತ್ತವೆ. ಆಗ 64ಕ್ಕೆ 12 ಡೆಸಿಬೆಲ್, 32ಕ್ಕೆ 24 ಡೆಸಿಬೆಲ್ ಇಳಿಯುತ್ತದೆ. ನಿಮ್ಮ ಸಿಂಥ್‌ನಲ್ಲಿ ವೆಲಾಸಿಟಿ ಕರ್ವ್, ಅಂದರೆ ಯಾವ ವೇಗಕ್ಕೆ ಎಷ್ಟು ಪರಿಣಾಮ ಅನ್ನುವ ಗೆರೆ, ಬಗ್ಗಿಸುವ ಅವಕಾಶ ಇದ್ದರೆ ಇದನ್ನು ಪ್ರಯತ್ನಿಸಿ.

ಆದರೆ ವಾಲ್ಯೂಮಿಗೆ ಮೊದಲು ಕೈ ಹಾಕಬೇಡಿ. ನಾನು ಅದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತೇನೆ. ಫಿಲ್ಟರ್ ತೆರೆದುಕೊಂಡರೆ ದನಿ ತಾನಾಗಿಯೇ ಜೋರಾಗುತ್ತದೆ. ಹೊಳಪನ್ನು ಮೊದಲು ಸರಿಮಾಡಿದರೆ ವಾಲ್ಯೂಮಿನ ಅರ್ಧ ಕೆಲಸ ಅದೇ ಮುಗಿಸಿರುತ್ತದೆ. ಉಲ್ಟಾ ಮಾಡಿದರೆ ಎರಡೂ ಸೇರಿ ಮೆಲ್ಲಗಿನ ನೋಟ್ ಪೂರ್ತಿ ಮಾಯ, ಜೋರಿನ ನೋಟ್ ಕಿವಿ ಹರಿಯುವಷ್ಟು.

ಹೊಳಪಿಗೆ ಗೆರೆ ಕಟ್ಟುವುದು

ಈಗ ಒಂದು ಪ್ಯಾಚ್ ಕಟ್ಟೋಣ. ಕಂಪ್ಯೂಟರಿನಲ್ಲಿ ಓಡುವ ಸಿಂಥ್‌ಗಳಲ್ಲಿ ಸರ್ಜ್ ಎಕ್ಸ್‌ಟಿ ಆಗಲಿ, ವೈಟಲ್ ಆಗಲಿ, ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಬೇರೆ ಸಿಂಥ್ ಇದ್ದರೂ ಪರವಾಗಿಲ್ಲ, ನಾಬ್‌ಗಳ ಹೆಸರು ಸ್ವಲ್ಪ ಆಚೀಚೆ ಇರಬಹುದು.

ಮೂಲ ದನಿ ಹುಟ್ಟಿಸುವ ಒಂದು ಆಸಿಲೇಟರ್, ಸಾ ವೇವ್. ಗರಗಸದ ಹಲ್ಲಿನ ಆಕಾರದ ಅಲೆ ಅದು. ಅದರಲ್ಲಿ ಎಲ್ಲ ಮೇಲಿನ ಸ್ವರಾಂಶಗಳೂ ತುಂಬಿರುವುದರಿಂದ ಫಿಲ್ಟರಿಗೆ ಕತ್ತರಿಸಲು ಸಾಕಷ್ಟು ಸಿಗುತ್ತದೆ. ಅದರ ಮುಂದೆ ಲೋ-ಪಾಸ್ ಫಿಲ್ಟರ್ ಇಡಿ. ಇದು ಕಟಾಫ್ ಅನ್ನುವ ಗಡಿಯಿಂದ ಕೆಳಗಿನದನ್ನು ಬಿಟ್ಟು ಮೇಲಿನದನ್ನು ತಡೆಯುತ್ತದೆ. ಕಟಾಫ್ 300 ಹರ್ಟ್ಸ್‌ಗೆ ಇಳಿಸಿ. ಮಧ್ಯದ ಸಿ ನುಡಿಸಿ ನೋಡಿ. ಅದರ ಮೂಲ ಸ್ವರ ಸುಮಾರು 262 ಹರ್ಟ್ಸ್. ಅಂದರೆ ಮೂಲ ಸ್ವರ ಬಿಟ್ಟರೆ ಹೆಚ್ಚೇನೂ ಕೇಳಿಸುವುದಿಲ್ಲ. ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿರುತ್ತದೆ.

ಇಲ್ಲಿ ಕೀ ಟ್ರ್ಯಾಕಿಂಗ್ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರಡು ಸ್ಥಾಯಿ ಮೇಲಿನ ಸಿ ಒತ್ತಿದಾಗ ಅದರ ಮೂಲ ಸ್ವರವೇ ಗಡಿ ದಾಟಿ ಹೋಗಿರುತ್ತದೆ, ದನಿ ಬಹಳ ಕುಗ್ಗಿಬಿಡುತ್ತದೆ. ಕೀ ಟ್ರ್ಯಾಕಿಂಗ್ ಇದ್ದರೆ ನೋಟ್ ಏರಿದಷ್ಟೂ ಗಡಿ ಕೂಡ ಏರುತ್ತದೆ.

ಈಗ ವಾಲ್ಯೂಮಿನದನ್ನು ಬಿಟ್ಟು ಎರಡನೆಯ ಎನ್ವಲಪ್ ತೆಗೆದುಕೊಂಡು ಕಟಾಫ್‌ಗೆ ಕಟ್ಟಿ. ಅಟ್ಯಾಕ್ 2 ಮಿಲಿಸೆಕೆಂಡ್, ಡಿಕೇ 600 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ, ರಿಲೀಸ್ 200 ಮಿಲಿಸೆಕೆಂಡ್. ಈ ಗೆರೆ ಕಟಾಫನ್ನು ಎಷ್ಟು ಎತ್ತಬೇಕು ಅನ್ನುವುದಕ್ಕೆ ಎನ್ವಲಪ್ ಅಮೌಂಟ್ ಅಂತ ಒಂದು ನಾಬ್ ಇರುತ್ತದೆ. ಅದನ್ನು ಒಂದು ಆಕ್ಟೇವ್, ಅಂದರೆ 12 ಸೆಮಿಟೋನ್‌ಗೆ ಇಡಿ. ಒಂದು ಆಕ್ಟೇವ್ ಅಂದರೆ ದುಪ್ಪಟ್ಟು. ಹಾಗಾಗಿ ನೋಟ್ ಶುರುವಾಗುವಾಗ ಕಟಾಫ್ 600 ಹರ್ಟ್ಸ್‌ಗೆ ಹಾರಿ, ಮೆಲ್ಲಗೆ 300ಕ್ಕೆ ಇಳಿಯುತ್ತದೆ.

ಇನ್ನು ಮುಖ್ಯ ಕೊಂಡಿ. ವೆಲಾಸಿಟಿಯನ್ನು ಈ ಅಮೌಂಟ್ ನಾಬ್‌ಗೆ ಕಟ್ಟಿ. ಅದು ಅತಿ ಜೋರಿನಲ್ಲಿ ಇನ್ನೂ ಮೂರು ಆಕ್ಟೇವ್ ಕೂಡಿಸುವಂತೆ ಮಾಡಿ. ಈಗ ಲೆಕ್ಕ ನೋಡಿ. ಬೆರಳು ತಾಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಒತ್ತಿದರೆ ಹೊಳಪಿನ ತುದಿ 600 ಹರ್ಟ್ಸ್. ವೆಲಾಸಿಟಿ 64ಕ್ಕೆ ಎರಡೂವರೆ ಆಕ್ಟೇವ್, ಸುಮಾರು 1,700 ಹರ್ಟ್ಸ್. ಪೂರ್ತಿ 127ಕ್ಕೆ ನಾಲ್ಕು ಆಕ್ಟೇವ್, 4,800 ಹರ್ಟ್ಸ್. ಮೂರರಲ್ಲೂ ಕೊನೆಗೆ ಬಂದು ನಿಲ್ಲುವುದು 300ಕ್ಕೇ.

ಗಂಟೆಯನ್ನು ನೆನಪಿಸಿಕೊಳ್ಳಿ. ಜೋರಾಗಿ ಹೊಡೆದಾಗ ‘ಠಣ್’ ಬಂತು, ಆಮೇಲೆ ಅದೇ ‘ಊಂ’ ಉಳಿಯಿತು. ನೀವು ಈಗ ಕಟ್ಟಿದ್ದು ಅದನ್ನೇ.

ಇಲ್ಲಿ ಒಂದು ಸಣ್ಣ ವ್ಯತ್ಯಾಸ ಎಲ್ಲವನ್ನೂ ಕೆಡಿಸಬಲ್ಲದು. ವೆಲಾಸಿಟಿಯನ್ನು ಅಮೌಂಟ್‌ಗೆ ಕಟ್ಟುವ ಬದಲು ನೇರವಾಗಿ ಕಟಾಫ್‌ಗೇ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಜೋರಾಗಿ ಒತ್ತಿದರೆ ದನಿ ಆಗಲೂ ಹೊಳೆಯುತ್ತದೆ. ಒಂದೇ ನೋಟ್ ಚಿಕ್ಕದಾಗಿ ನುಡಿಸಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಕೀ ಹಿಡಿದುಕೊಂಡು ಕೇಳಿ. ಹೊಳಪು ಇಳಿಯುವುದೇ ಇಲ್ಲ. ಗಡಿಯೇ ಮೇಲೆ ಹೋಗಿ ಕೂತಿರುವುದರಿಂದ ಬಾಲದ ತನಕ ಅದೇ ಚುಚ್ಚು. ನಾಲ್ಕು ನೋಟಿನ ಕಾರ್ಡ್ ಹಿಡಿದರೆ ಮಿಕ್ಸ್ ಪೂರ್ತಿ ಕಿರಿಕಿರಿ. ‘ನನ್ನ ಪ್ಯಾಚ್ ಒಂಟಿಯಾಗಿ ಚೆನ್ನಾಗಿದೆ, ಹಾಡಿನಲ್ಲಿ ಕೂರ್ತಿಲ್ಲ’ ಅಂತ ಹೇಳಿದವರ ಪ್ಯಾಚ್ ತೆರೆದು ನೋಡಿದಾಗ ಹಲವು ಸಲ ನನಗೆ ಸಿಕ್ಕಿದ್ದು ಇದೇ ತಪ್ಪು. ಏಟು ಗೆರೆಯ ಎತ್ತರವನ್ನು ಬದಲಿಸಬೇಕು, ನೆಲವನ್ನಲ್ಲ.

ಕೆಲವು ವಾದ್ಯಗಳಲ್ಲಿ ನೆಲ ಬದಲಾಗುವುದೇ ಸರಿ. ಜೋರಾಗಿ ಊದಿದ ತುತ್ತೂರಿಯ ದನಿ ಊದುವಷ್ಟು ಹೊತ್ತೂ ಹೊಳೆಯುತ್ತಲೇ ಇರುತ್ತದೆ, ಯಾಕೆಂದರೆ ಉಸಿರು ನಿಂತಿಲ್ಲ. ಹಿತ್ತಾಳೆ ವಾದ್ಯದ ಪ್ಯಾಚ್ ಮಾಡುವಾಗ ವೆಲಾಸಿಟಿಯನ್ನು ಸ್ವಲ್ಪ ಕಟಾಫ್‌ಗೂ ಕೊಡಿ. ಹೊಡೆಯುವ, ಮೀಟುವ ದನಿಗೆ ಮಾತ್ರ ಬೇಡ.

ಡಿಎಕ್ಸ್7 ಕಲಿಸುವ ಪಾಠ

ಫಿಲ್ಟರೇ ಇಲ್ಲದ ಒಂದು ಸಿಂಥ್ ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಸುತ್ತದೆ. ಯಮಾಹಾ ಡಿಎಕ್ಸ್7ನಲ್ಲಿ ಇರುವುದು ಎಫ್‌ಎಂ, ಅಂದರೆ ಫ್ರೀಕ್ವೆನ್ಸಿ ಮಾಡ್ಯುಲೇಶನ್ ವಿಧಾನ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಕೊಂಡು 1973ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ್ದು. ಇದರಲ್ಲಿ ಆರು ಆಪರೇಟರ್‌ಗಳು. ಪ್ರತಿಯೊಂದೂ ಒಂದು ಸರಳ ಸೈನ್ ಅಲೆ. ಕೆಲವು ನೇರವಾಗಿ ಕೇಳಿಸುತ್ತವೆ, ಅವು ಕ್ಯಾರಿಯರ್. ಇನ್ನು ಕೆಲವು ಕೇಳಿಸುವುದಿಲ್ಲ, ಕ್ಯಾರಿಯರನ್ನು ಒಳಗಿನಿಂದ ಅಲ್ಲಾಡಿಸುತ್ತವೆ. ಅವು ಮಾಡ್ಯುಲೇಟರ್. ಜಾಸ್ತಿ ಅಲ್ಲಾಡಿಸಿದಷ್ಟೂ ಮೇಲಿನ ಸ್ವರಾಂಶಗಳು ಹುಟ್ಟಿಕೊಂಡು ದನಿ ಹೊಳೆಯುತ್ತದೆ.

ಅಂದರೆ ಕ್ಯಾರಿಯರ್‌ನ ಮಟ್ಟ ಬದಲಿಸಿದರೆ ವಾಲ್ಯೂಮ್ ಬದಲಾಗುತ್ತದೆ. ಮಾಡ್ಯುಲೇಟರ್‌ನ ಮಟ್ಟ ಬದಲಿಸಿದರೆ ಬಣ್ಣ ಬದಲಾಗುತ್ತದೆ. ಆರಕ್ಕೂ ಬೇರೆ ಬೇರೆ ಎನ್ವಲಪ್. ಆರಕ್ಕೂ ಬೇರೆ ಬೇರೆ ವೆಲಾಸಿಟಿ ಸೆನ್ಸಿಟಿವಿಟಿ, 0ಯಿಂದ 7ರವರೆಗೆ. ಇಷ್ಟು ಸೂಕ್ಷ್ಮ ಹಿಡಿತ ಅದಕ್ಕೆ ಮೊದಲು ಸಾಮಾನ್ಯ ಸಂಗೀತಗಾರರ ಕೈಗೆ ಸಿಕ್ಕಿರಲಿಲ್ಲ.

ಆ ಕಾಲದ ಎಷ್ಟೋ ಹಾಡುಗಳಲ್ಲಿ ಕೇಳಿಸುವ ಅದರ ಎಲೆಕ್ಟ್ರಿಕ್ ಪಿಯಾನೋ ಪ್ರೀಸೆಟ್ಟನ್ನು, ಅಂದರೆ ಮೊದಲೇ ಕಟ್ಟಿಟ್ಟ ಪ್ಯಾಚನ್ನು, ಡೆಕ್ಸೆಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಆರು ಆಪರೇಟರ್‌ಗಳು ಮೂರು ಜೋಡಿಯಾಗಿ ನಿಂತಿವೆ. ಪ್ರತಿ ಜೋಡಿಯಲ್ಲೂ ಒಂದು ಕ್ಯಾರಿಯರ್, ಒಂದು ಮಾಡ್ಯುಲೇಟರ್. ಒಂದು ಜೋಡಿಯ ಮಾಡ್ಯುಲೇಟರ್ ಕ್ಯಾರಿಯರ್‌ಗಿಂತ 14 ಪಟ್ಟು ವೇಗದಲ್ಲಿ ಓಡುತ್ತದೆ. ‘ಟಿಂಗ್’ ಅನ್ನುವ ಲೋಹದ ಕಿಡಿ ಹುಟ್ಟುವುದು ಅಲ್ಲಿಂದ. ಮಾಡ್ಯುಲೇಟರ್‌ಗಳ ವೆಲಾಸಿಟಿ ಸೆನ್ಸಿಟಿವಿಟಿ ನೋಡಿ, ಕ್ಯಾರಿಯರ್‌ಗಳಿಗಿಂತ ಬಹಳ ಮೇಲಿದೆ. ಹಾಗಾಗಿ ಮೆಲ್ಲಗೆ ನುಡಿಸಿದರೆ ಆ ಕಿಡಿ ಇಲ್ಲವೇ ಇಲ್ಲ, ದುಂಡನೆಯ ಗಾಜಿನಂಥ ದನಿ. ಬೆರಳು ಸ್ವಲ್ಪ ಜೋರಾದರೆ ಕಿಡಿ ಹಾರುತ್ತದೆ, ತಕ್ಷಣ ಆರುತ್ತದೆ. ಒಟ್ಟು ಸದ್ದು ಅಷ್ಟೇನೂ ಹೆಚ್ಚಿಲ್ಲ, ದನಿಯ ಸ್ವಭಾವವೇ ಬೇರೆಯಾಗಿದೆ.

ಒಂದು ಪ್ರಯೋಗ ಮಾಡಿ. ಮಾಡ್ಯುಲೇಟರ್‌ಗಳ ಸೆನ್ಸಿಟಿವಿಟಿಯನ್ನು ಸೊನ್ನೆಗೆ ಇಳಿಸಿ, ಕ್ಯಾರಿಯರ್‌ಗಳದ್ದನ್ನು ಏರಿಸಿ. ಈಗ ವೆಲಾಸಿಟಿ ಬರೀ ವಾಲ್ಯೂಮಿಗೆ. ಅದೇ ಪ್ರೀಸೆಟ್, ಅದೇ ಕೈ, ಅದೇ ಹಾಡು. ಎರಡು ನಿಮಿಷ ನುಡಿಸಿ ಮತ್ತೆ ಮೂಲಕ್ಕೆ ಮರಳಿ. ಈ ಹೋಲಿಕೆಯನ್ನು ಮೊದಲ ಸಲ ಕೇಳಿದ ದಿನ ನಾನು ರಾತ್ರಿಯಿಡೀ ಬೇರೆ ಬೇರೆ ಪ್ರೀಸೆಟ್ ಬಿಚ್ಚಿ ನೋಡುತ್ತಾ ಕೂತಿದ್ದೆ.

ಹಾಂ, ಡಿಎಕ್ಸ್7ನಲ್ಲಿ ವೆಲಾಸಿಟಿ ಬದಲಿಸುವುದು ಗೆರೆಯ ಎತ್ತರವನ್ನು, ಗೆರೆ ಓಡುವ ವೇಗವನ್ನಲ್ಲ. ಎತ್ತರ ಒಂದೇ ಇಷ್ಟೆಲ್ಲ ಜೀವ ಕೊಡಬಲ್ಲದು. ವೇಗವನ್ನೂ ಬದಲಿಸಲು ಬಿಡುವ ಈಗಿನ ಸಿಂಥ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು.

ಏರುವ ಹೊತ್ತು, ಇಳಿಯುವ ಹೊತ್ತು

ಪಿಟೀಲಿನ ಕಮಾನನ್ನು ಮೆಲ್ಲಗೆ ಇಟ್ಟು ಎಳೆದರೆ ದನಿ ಮಂಜಿನ ಹಾಗೆ ಬರುತ್ತದೆ. ಒತ್ತಿ ಎಳೆದರೆ ಕಚ್ಚಿಕೊಂಡು ಶುರುವಾಗುತ್ತದೆ. ಸ್ಟ್ರಿಂಗ್ಸ್ ಪ್ಯಾಚಿನಲ್ಲಿ ಇದು ಬೇಕೆಂದರೆ ವೆಲಾಸಿಟಿಯನ್ನು ಅಟ್ಯಾಕ್‌ಗೆ ಕಟ್ಟಬೇಕು, ಆದರೆ ಉಲ್ಟಾ. ವೆಲಾಸಿಟಿ ಏರಿದಷ್ಟೂ ಅಟ್ಯಾಕ್ ಕಡಿಮೆಯಾಗಬೇಕು. ಅಂದರೆ ಮೈನಸ್ ಅಮೌಂಟ್. ಮೆಲ್ಲಗೆ ಒತ್ತಿದರೆ 300 ಮಿಲಿಸೆಕೆಂಡ್, ಜೋರಾಗಿ ಒತ್ತಿದರೆ 30 ಅಂತ ಶುರು ಮಾಡಿ, ಕಿವಿ ಹೇಳಿದ ಹಾಗೆ ಸರಿಮಾಡಿಕೊಳ್ಳಿ.

ಕಾರ್ಡ್ ಹಿಡಿದು ಹಿನ್ನೆಲೆ ತುಂಬಲು 300 ಸರಿ. ರಾಗದ ಎಳೆ ನುಡಿಸುವುದಾದರೆ ಅದು ಜಾಸ್ತಿಯಾಯಿತು. ಮೆಲ್ಲಗಿನ ನೋಟುಗಳು ತಾಳಕ್ಕಿಂತ ಹಿಂದೆ ಬಿದ್ದ ಹಾಗೆ ಕೇಳುತ್ತವೆ. ನುಡಿಸುವವರು ಗೊತ್ತಿಲ್ಲದೆಯೇ ಬೇಗ ಒತ್ತಲು ಶುರು ಮಾಡುತ್ತಾರೆ, ಆಗ ಜೋರಿನ ನೋಟುಗಳು ಮುಂದಕ್ಕೆ ಬೀಳುತ್ತವೆ. ಎಳೆ ನುಡಿಸುವ ಪ್ಯಾಚಿನಲ್ಲಿ ಅತಿ ಮೆಲ್ಲಗಿನ ಅಟ್ಯಾಕ್ 80 ಮಿಲಿಸೆಕೆಂಡ್ ದಾಟಲು ನಾನು ಬಿಡುವುದಿಲ್ಲ.

ಹೊಡೆಯುವ, ಮೀಟುವ ದನಿಗಳಲ್ಲಿ ಅಟ್ಯಾಕ್ ಮುಟ್ಟದೆ ಡಿಕೇಗೆ ಹೋಗಿ. ಮುಂಚೆ ಕಟ್ಟಿದ ಪ್ಯಾಚಿನಲ್ಲಿ ಫಿಲ್ಟರ್ ಎನ್ವಲಪ್‌ನ ಡಿಕೇ 600 ಇತ್ತಲ್ಲ, ಅದಕ್ಕೆ ವೆಲಾಸಿಟಿಯಿಂದ ಇನ್ನೊಂದು 300 ಮಿಲಿಸೆಕೆಂಡ್ ಕೂಡಿಸಿ. ಜೋರಿನ ನೋಟಿನ ಹೊಳಪು ಸ್ವಲ್ಪ ಹೆಚ್ಚು ಹೊತ್ತು ಹಾಡುತ್ತದೆ. ಬಾಸ್ ದನಿಗೆ ಇದನ್ನೇ ತಿರುಗಿಸಿ ನೋಡಿ, ಜೋರಾದಷ್ಟೂ ಡಿಕೇ ಚಿಕ್ಕದು. ಬೆರಳಿನಿಂದ ತಂತಿಯನ್ನು ಎಳೆದು ಬಿಟ್ಟ ಹಾಗೆ ‘ಟಕ್’ ಅನ್ನುತ್ತದೆ. ಯಾವುದು ಸರಿ ಅನ್ನುವುದು ಹಾಡನ್ನು ನೋಡಿ ತೀರ್ಮಾನಿಸಬೇಕಾದದ್ದು. ಸಣ್ಣ ಅಂಕಿಗಳಿಂದ ಶುರು ಮಾಡಿ ಅನ್ನುವುದಷ್ಟೇ ನನ್ನ ಸಲಹೆ. ಒಂದೇ ವೆಲಾಸಿಟಿ ಮೂರು ನಾಲ್ಕು ಜಾಗದಲ್ಲಿ ಸ್ವಲ್ಪ ಸ್ವಲ್ಪ ಕೆಲಸ ಮಾಡಿದರೆ ದನಿ ಸಹಜ. ಒಂದೇ ಜಾಗದಲ್ಲಿ ಪೂರ್ತಿ ತಿರುಗಿಸಿದರೆ ಕೇಳುವವರಿಗೆ ನಾಬ್ ಕಾಣಿಸಿಬಿಡುತ್ತದೆ.

ರಿಲೀಸ್‌ಗೂ ಒಂದು ವೆಲಾಸಿಟಿ ಇದೆ, ಬೆರಳು ಎಷ್ಟು ಬೇಗ ಮೇಲೆ ಬಂತು ಅನ್ನುವುದು. ಮಿಡಿಯಲ್ಲಿ ಮೊದಲಿನಿಂದಲೂ ಅದಕ್ಕೆ ಜಾಗ ಇದೆ. ಆದರೆ ಅದನ್ನು ನಿಜವಾಗಿ ಅಳೆಯುವ ಕೀಬೋರ್ಡುಗಳು ಕಡಿಮೆ. ನಿಮ್ಮದು ಅಳೆಯುತ್ತಿದ್ದರೆ ಬಿಡದೆ ಬಳಸಿ.

ನಿಮ್ಮ ಕೈ, ನಿಮ್ಮ ಕೀಬೋರ್ಡ್

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಡೆ ಏಟು ಬೀಳಬಹುದು. ನನಗೆ ಬಿದ್ದದ್ದು ಒಂದು ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ. ಮನೆಯಲ್ಲಿ ಪಿಯಾನೋದಂತೆ ತೂಕದ ಕೀ ಇರುವ ಕೀಬೋರ್ಡಿನ ಮೇಲೆ ವಾರಗಟ್ಟಲೆ ಕೂತು ಎಲೆಕ್ಟ್ರಿಕ್ ಪಿಯಾನೋ ಪ್ಯಾಚ್ ಒಂದನ್ನು ಕಟ್ಟಿದ್ದೆ. ವೇದಿಕೆಯ ಮೇಲೆ ಸಿಕ್ಕಿದ್ದು ಬೇರೆಯವರ ಹಗುರ ಸ್ಪ್ರಿಂಗ್ ಕೀಬೋರ್ಡ್. ಲ್ಯಾಪ್‌ಟಾಪಿಗೆ ಜೋಡಿಸಿದೆವು, ಸೌಂಡ್ ಚೆಕ್‌ಗೆ ಐದು ನಿಮಿಷವೂ ಸಿಗಲಿಲ್ಲ. ಮೊದಲನೆಯದೇ ನಿಧಾನದ ಹಾಡು. ಗಾಯಕಿ ಪಲ್ಲವಿ ಮೆಲ್ಲಗೆ ಎತ್ತಿಕೊಂಡರು. ನಾನು ಎಂದಿನಂತೆ ಮೃದುವಾಗಿ ಒತ್ತಿದೆ. ಬಂದದ್ದು ಮಾತ್ರ ‘ಠಣ್, ಠಣ್’. ಅವರು ಒಮ್ಮೆ ತಿರುಗಿ ನೋಡಿದರು. ಎಷ್ಟು ಮೆಲ್ಲಗೆ ಒತ್ತಿದರೂ ಕಿಡಿ ಹಾರುವುದು ನಿಲ್ಲಲಿಲ್ಲ. ಕೊನೆಗೆ ಆ ಹಾಡು ಪೂರ್ತಿ ಎಡಗೈ ಬಾಸ್ ಅಷ್ಟೇ ನುಡಿಸಿದೆ.

ಮನೆಗೆ ಬಂದು ರೆಕಾರ್ಡ್ ಆಗಿದ್ದ ಮಿಡಿ ತೆರೆದು ನೋಡಿದೆ. ಮನೆಯ ಕೀಬೋರ್ಡಿನಲ್ಲಿ ನನ್ನ ಮೃದುವಾದ ಕೈ 50ರಿಂದ 70ರ ನಡುವೆ ಓಡಾಡುತ್ತಿತ್ತು. ಆ ಹಗುರ ಕೀಗಳ ಮೇಲೆ ಅದೇ ಕೈ 95ರಿಂದ 115. ಪ್ಯಾಚ್ ತಪ್ಪಿರಲಿಲ್ಲ, ಅದಕ್ಕೆ ಬಂದ ಅಂಕಿಗಳು ಬೇರೆಯಾಗಿದ್ದವು. 127 ಹಂತದಲ್ಲಿ ನನ್ನ ಕೈಗೆ ಅಲ್ಲಿ ಉಳಿದದ್ದು ಮೇಲಿನ ಇಪ್ಪತ್ತೋ ಮೂವತ್ತೋ ಅಷ್ಟೇ.

ಅಂದಿನಿಂದ ಹೊಸ ಕೀಬೋರ್ಡ್ ಮುಟ್ಟಿದಾಗ ಮೊದಲು ಮಾಡುವ ಕೆಲಸ ಇದು. ರೆಕಾರ್ಡ್ ಒತ್ತಿ, ಒಂದೇ ನೋಟನ್ನು ಹತ್ತು ಸಲ ನನಗೆ ಸಾಧ್ಯವಾದಷ್ಟು ಮೆಲ್ಲಗೆ, ಹತ್ತು ಸಲ ಮಾಮೂಲಿ, ಹತ್ತು ಸಲ ಜೋರಾಗಿ ನುಡಿಸುತ್ತೇನೆ. ಮೂವತ್ತು ಅಂಕಿ ಕಣ್ಣ ಮುಂದೆ ಇರುತ್ತವೆ. ಮಾಮೂಲಿ ಅಂಕಿ 60ರಿಂದ 80ರೊಳಗೆ ಬಂದರೆ ನೆಮ್ಮದಿ, ಮೇಲೂ ಕೆಳಗೂ ಓಡಾಡಲು ಜಾಗ ಇದೆ. ಬರದಿದ್ದರೆ ಕೀಬೋರ್ಡಿನ ಟಚ್ ಸೆಟ್ಟಿಂಗ್ ಬದಲಿಸಿ ನೋಡುತ್ತೇನೆ. ಅದರಲ್ಲೂ ಸರಿಯಾಗದಿದ್ದರೆ ಸಾಫ್ಟ್‌ವೇರಿನಲ್ಲಿ ವೆಲಾಸಿಟಿ ಕರ್ವ್ ಬಗ್ಗಿಸುತ್ತೇನೆ. ಪ್ಯಾಚಿನ ಒಳಗಿನ ಅಮೌಂಟ್‌ಗಳನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಕೈ ಹಾಕಿದರೆ ಮತ್ತೆ ಮನೆಯ ಕೀಬೋರ್ಡಿಗೆ ಬಂದಾಗ ಎಲ್ಲ ಕೆಟ್ಟಿರುತ್ತದೆ.

ಕೆಲವು ಚಿಕ್ಕ ಕೀಬೋರ್ಡುಗಳು ಬೆರಳಿನ ವೇಗವನ್ನು ಅಳೆಯುವುದೇ ಇಲ್ಲ, ಎಷ್ಟು ಒತ್ತಿದರೂ ಒಂದೇ ಅಂಕಿ ಕಳಿಸುತ್ತವೆ. ಈ ಪರೀಕ್ಷೆಯಲ್ಲಿ ಅದೂ ಗೊತ್ತಾಗುತ್ತದೆ. ಅಂಥದ್ದಿದ್ದರೆ ಸುಮ್ನೆ ಪ್ಯಾಚನ್ನು ದೂರಬೇಡಿ. ನುಡಿಸಿ ಆದ ಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ನೋಟಿನ ವೆಲಾಸಿಟಿಯನ್ನು ಕೈಯಿಂದ ಬರೆಯಬಹುದು. ನಿಧಾನದ ಕೆಲಸ, ಆದರೆ ಹಾಗೆ ಬರೆಯುತ್ತಾ ಕೂತರೆ ಯಾವ ನೋಟಿಗೆ ಒತ್ತು ಬೇಕು ಅನ್ನುವುದು ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ವೀಣೆಯ ಮೀಟು

ನಮ್ಮ ಸಂಗೀತ ನುಡಿಸುವವರಿಗೆ ಇನ್ನೊಂದು ಮಾತು. ವೀಣೆಯಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಮೀಟು ಇರುವುದಿಲ್ಲ. ಒಮ್ಮೆ ಮೀಟಿ, ತಂತಿಯನ್ನು ಎಳೆದು ಅದೇ ನಾದದಲ್ಲಿ ಎರಡು ಮೂರು ಸ್ವರ ಹೊರಡಿಸುತ್ತಾರೆ. ಮೀಟಿದಾಗ ಹೊಳಪು ಏಳುತ್ತದೆ, ಮುಂದಿನ ಸ್ವರಗಳು ಆ ಇಳಿಯುವ ಹೊಳಪಿನ ಮೇಲೆಯೇ ಸಾಗುತ್ತವೆ.

ಸಿಂಥ್‌ನಲ್ಲಿ ಇದಕ್ಕೆ ಹತ್ತಿರ ಬರುವುದು ಮೋನೋ (ಒಮ್ಮೆಗೆ ಒಂದೇ ಸ್ವರ) ಮತ್ತು ಲೆಗಾಟೋ (ಸ್ವರಗಳನ್ನು ಬಿಡದೆ ಜೋಡಿಸುವುದು) ಸೆಟ್ಟಿಂಗ್. ಒಂದು ಕೀ ಹಿಡಿದುಕೊಂಡೇ ಇನ್ನೊಂದು ಒತ್ತಿದರೆ ಸ್ವರ ಬದಲಾಗುತ್ತದೆ, ಎನ್ವಲಪ್ ಮತ್ತೆ ಶುರುವಾಗುವುದಿಲ್ಲ. ಬೆರಳು ಪೂರ್ತಿ ಎತ್ತಿ ಒತ್ತಿದರೆ ಹೊಸ ಮೀಟು, ಹೊಸ ವೆಲಾಸಿಟಿ, ಹೊಸ ಗೆರೆ. ಇದನ್ನು ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಜೊತೆ ಸೇರಿಸಿದರೆ ಗಮಕಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಕೆಲವು ಸಿಂಥ್‌ಗಳಲ್ಲಿ ಲೆಗಾಟೋ ನೋಟಿನ ವೆಲಾಸಿಟಿ ಕೂಡ ತಕ್ಷಣ ಜಾರಿಗೆ ಬರುತ್ತದೆ, ಗೆರೆ ಅರ್ಧ ದಾರಿಯಲ್ಲಿ ಜಿಗಿಯುತ್ತದೆ. ಇನ್ನು ಕೆಲವು ಮೊದಲ ನೋಟಿನ ವೆಲಾಸಿಟಿಯನ್ನೇ ಹಿಡಿದಿರುತ್ತವೆ. ವೀಣೆಯ ನಡೆಗೆ ಬೇಕಾದದ್ದು ಎರಡನೆಯದು. ನಿಮ್ಮದು ಯಾವುದು ಅಂತ ತಿಳಿಯಲು ಮೆಲ್ಲಗೆ ಒಂದು ನೋಟ್ ಹಿಡಿದು, ಅದನ್ನು ಬಿಡದೆ ಮುಂದಿನದನ್ನು ಜೋರಾಗಿ ಒತ್ತಿ. ಹೊಳಪು ಜಿಗಿದರೆ ಮೊದಲನೆಯ ಬಗೆ.

ಪ್ಯಾಚ್ ಮುಗಿಯಿತಾ ಇಲ್ಲವಾ ಅನ್ನುವುದಕ್ಕೆ ನಾನು ಬಳಸುವ ಪರೀಕ್ಷೆ ಆ ಗಂಟೆಯ ಪರೀಕ್ಷೆಯೇ. ಒಂದೇ ನೋಟನ್ನು ವೆಲಾಸಿಟಿ 40ರಲ್ಲಿ ಒಮ್ಮೆ, 110ರಲ್ಲಿ ಒಮ್ಮೆ ರೆಕಾರ್ಡ್ ಮಾಡುತ್ತೇನೆ. ಎರಡರ ವಾಲ್ಯೂಮನ್ನೂ ಸಮ ಮಾಡುತ್ತೇನೆ. ಮನೆಯಲ್ಲಿ ಸಂಗೀತದ ಗಂಧವಿಲ್ಲದ ಯಾರನ್ನಾದರೂ ಕರೆದು, ಯಾವುದು ಜೋರಾಗಿ ಹೊಡೆದದ್ದು ಅಂತ ಕೇಳುತ್ತೇನೆ. ಅವರು ಯೋಚಿಸದೆ ಸರಿಯಾಗಿ ಹೇಳಿದರೆ ಪ್ಯಾಚ್ ಸೇವ್ ಮಾಡುತ್ತೇನೆ. ‘ಎರಡೂ ಒಂದೇ ಥರ ಇದೆಯಲ್ಲ’ ಅಂದರೆ ವೆಲಾಸಿಟಿ ಇನ್ನೂ ವಾಲ್ಯೂಮಿನಲ್ಲೇ ಕೂತಿದೆ, ಮತ್ತೆ ಫಿಲ್ಟರ್ ಎನ್ವಲಪ್‌ನ ಅಮೌಂಟ್ ನಾಬ್‌ಗೆ ಹೋಗುತ್ತೇನೆ.